ನ್ಯಾಟ್‌ಟೇಬಲ್: ಚೆನ್ನಾಗಿದೆ, ಆದರೆ ಸಾಲಿನ ಲೆಕ್ಕ ನೀವು ಹಾಕಬೇಡಿ

ಜಾವಾದಲ್ಲಿ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರು ಈಗ ಕಡಿಮೆ, ಆದರೂ ಇದ್ದೇವೆ. ಎಕ್ಲಿಪ್ಸ್‌ನ ನೆಬ್ಯುಲಾ ಪ್ರಾಜೆಕ್ಟಿನ ನ್ಯಾಟ್‌ಟೇಬಲ್ ಬಗ್ಗೆ ಬರೆಯುತ್ತಿದ್ದೇನೆ, ತೆರೆಯ ಮೇಲೆ ಟೇಬಲ್ ತೋರಿಸುವ ವಿಜೆಟ್ ಇದು. ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಲಕ್ಷ ಸಾಲು ಸುರಿದರೂ ತಿಣುಕುವುದಿಲ್ಲ, ಯಾಕೆಂದರೆ ತೆರೆಯ ಮೇಲೆ ಕಾಣುವ ಸೆಲ್‌ಗಳನ್ನಷ್ಟೇ ಬಿಡಿಸುತ್ತದೆ. ಇಷ್ಟು ಹೊಗಳಿಕೆ ಸಾಕು.

ನಾನು ಎಡವಿದ್ದು ಹೀಗೆ. ಒಂದು ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆ ಸಾಲು ಡಿಲೀಟ್ ಆಗಬೇಕು. ಮೌಸ್ ಇರುವ ಜಾಗದಿಂದ ಸಾಲಿನ ಸಂಖ್ಯೆ ಕೇಳಿದೆ, ಅದನ್ನೇ ಡೇಟಾ ಇರುವ ಲಿಸ್ಟಿಗೆ ಅಳಿಸಲು ಕೊಟ್ಟೆ. ಕೆಳಗಿನ ಸಾಲು ಹೋಯಿತು. ಓಹೋ, ಹೆಡರ್ ಸಾಲೂ ಸೇರಿಬಿಟ್ಟಿದೆ ಅಂತ ಒಂದು ಕಳೆದೆ. ಹತ್ತು ಸಾಲಿನ ಟೆಸ್ಟಲ್ಲಿ ಎಲ್ಲ ಸರಿ, ಖುಷಿಯಿಂದ ಮನೆಗೆ ಹೋದೆ. ಬಳಸುವವರ ಬಳಿ ನಾನೂರು ಸಾಲಿತ್ತು. ಅವರು ಸ್ಕ್ರಾಲ್ ಮಾಡಿ ಅಳಿಸಿದರು, ಮೇಲೆಲ್ಲೋ ಇದ್ದ ಇನ್ಯಾವುದೋ ಸಾಲು ಮಾಯ. ತಪ್ಪು ವಿಜೆಟ್‌ನದ್ದಲ್ಲ, ಪೂರ್ತಿ ನನ್ನದೇ.

ವಿಷಯ ಇಷ್ಟೇ. ಇದು ಒಂದು ಟೇಬಲ್ ಅಲ್ಲ, ಒಂದರ ಮೇಲೊಂದು ಪೇರಿಸಿದ ಲೇಯರ್‌ಗಳು. ತಳದಲ್ಲಿ ಡೇಟಾ ಲೇಯರ್, ಅದರ ಮೇಲೆ ಕಾಲಂ ಜಾಗ ಬದಲಿಸುವುದು, ಅಡಗಿಸುವುದು, ಆಮೇಲೆ ಆಯ್ಕೆ ನೋಡಿಕೊಳ್ಳುವ ಸೆಲೆಕ್ಷನ್, ಅದರ ಮೇಲೆ ಸ್ಕ್ರಾಲ್ ಆದಂತೆ ಕಾಣುವ ಭಾಗವನ್ನಷ್ಟೇ ತೋರಿಸುವ ವ್ಯೂಪೋರ್ಟ್, ಎಲ್ಲಕ್ಕೂ ಮೇಲೆ ಹೆಡರ್‌ಗಳನ್ನು ಜೋಡಿಸುವ ಗ್ರಿಡ್. ಪೊಸಿಷನ್ ಅಂದರೆ ಕ್ಯೂನಲ್ಲಿ ನೀವು ಈಗ ನಿಂತಿರುವ ಜಾಗ, ಇಂಡೆಕ್ಸ್ ಅಂದರೆ ಕೈಯಲ್ಲಿರುವ ಟೋಕನ್ ನಂಬರ್. ಪ್ರತಿ ಲೇಯರ್‌ಗೂ ಅದರದ್ದೇ ಕ್ಯೂ. ನಲವತ್ತು ಸಾಲು ಸ್ಕ್ರಾಲ್ ಆಗಿದೆ ಅನ್ನಿ: ಹೊರಗಿನಿಂದ 6 ಅಂತ ಕಂಡದ್ದು, ಹೆಡರ್ ಕಳೆದರೆ ವ್ಯೂಪೋರ್ಟಲ್ಲಿ 5, ಸೆಲೆಕ್ಷನ್ ಲೇಯರಲ್ಲಿ 45. ನನ್ನ ಕೋಡ್ 5ನ್ನು ಅಳಿಸುತ್ತಿತ್ತು!

ಸರಿಯಾದ ದಾರಿ ಮೊದಲಿನಿಂದಲೂ ಇತ್ತು. ಲೇಯರ್‌ಯುಟಿಲ್ ಅನ್ನೋ ಕ್ಲಾಸಿನಲ್ಲಿ ಕನ್ವರ್ಟ್‌ರೋಪೊಸಿಷನ್, ಕನ್ವರ್ಟ್‌ಕಾಲಂಪೊಸಿಷನ್ ಇವೆ. ಯಾವ ಲೇಯರಿಂದ, ಎಷ್ಟನೇದು, ಯಾವ ಲೇಯರಿಗೆ ಅಂತ ಕೊಟ್ಟರೆ ಅದೇ ಲೆಕ್ಕ ಹಾಕಿ ಉತ್ತರ ತರುತ್ತದೆ. ಆಗದಿದ್ದರೆ ಮೈನಸ್ ಒಂದು. ಅದನ್ನು ನೋಡದೆ ಮುಂದೆ ಹೋಗಬೇಡಿ. ಬರೀ ಟೋಕನ್ ನಂಬರ್ ಸಾಕು ಅನ್ನೋದಾದರೆ ಯಾವ ಲೇಯರಿಂದ ಪೊಸಿಷನ್ ಸಿಕ್ಕಿತೋ ಅದನ್ನೇ ಗೆಟ್‌ರೋಇಂಡೆಕ್ಸ್‌ಬೈಪೊಸಿಷನ್ ಅಂತ ಕೇಳಿ. ಇನ್ನೊಂದು ಲೇಯರನ್ನು ಕೇಳಿದರೂ ಏನೋ ಒಂದು ಸಂಖ್ಯೆ ಬಂದೇ ಬರುತ್ತದೆ, ತಪ್ಪು ಸಂಖ್ಯೆ, ಎಚ್ಚರಿಕೆಯೂ ಇಲ್ಲ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲೇ. ಎಲ್ಲವೂ ಬರೀ ಇಂಟ್, ಅಂದರೆ ಸಾದಾ ಪೂರ್ಣಾಂಕ, ಅಲ್ವಾ? ವ್ಯೂಪೋರ್ಟಿನ 5, ಸೆಲೆಕ್ಷನ್ನಿನ 5 ಬೇರೆ ಅಂತ ಕಂಪೈಲರಿಗೆ ಹೇಗೆ ಗೊತ್ತಾಗಬೇಕು! ನಾನೀಗ ವೇರಿಯಬಲ್ ಹೆಸರಲ್ಲೇ ಲೇಯರಿನ ಹೆಸರು ಸೇರಿಸಿ ಬರೆಯುತ್ತೇನೆ, ಉದ್ದ ಆದರೂ ಪರವಾಗಿಲ್ಲ.

ಕೆಳಗಿಳಿಯುವುದಕ್ಕೆ ಹೋಲಿಸಿದರೆ ಮೇಲೆ ಹತ್ತುವುದು ಕಿರಿಕಿರಿ. ಅಂಡರ್‌ಲೈಯಿಂಗ್‌ಟುಲೋಕಲ್ ಅಂತ ಶುರುವಾಗುವ ಮೆಥಡ್‌ಗಳನ್ನು ಪ್ರತಿ ಲೇಯರಲ್ಲೂ ಕರೆಯುತ್ತಾ ಹೋಗಬೇಕು.

ಜಾವಾ ಜೊತೆಗೇ ಬರುವ ಸ್ವಿಂಗ್‌ನ ಟೇಬಲ್ ವಿಜೆಟ್ ಜೆಟೇಬಲ್‌ನಲ್ಲಿ ಇಷ್ಟೆಲ್ಲ ಇಲ್ಲ. ವ್ಯೂ ಒಂದು, ಮಾಡೆಲ್ ಒಂದು, ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಕರೆದರೆ ಮುಗಿಯಿತು. ಐವತ್ತು ಸಾಲಿನ ಸಾದಾ ಟೇಬಲ್ಲಿಗೆ ನ್ಯಾಟ್‌ಟೇಬಲ್ ತರಬೇಡಿ, ಸುಮ್ನೆ ಲೇಯರ್ ಕಟ್ಟುವುದರಲ್ಲೇ ಮಧ್ಯಾಹ್ನ ಹೋಗುತ್ತದೆ. ಗುಂಪು ಮಾಡುವುದು, ಫ್ರೀಜ್ ಮಾಡುವುದು, ಕಾಲಂ ಎಳೆದಾಡುವುದು ಎಲ್ಲ ಬೇಕಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಐದಕ್ಕೆ ನಾಲ್ಕು.

ಒಂದು ಬಾಕಿ ಇದೆ. ಗ್ಲೇಜ್ಡ್‌ಲಿಸ್ಟ್ಸ್ ಅನ್ನೋ ಲಿಸ್ಟ್ ಲೈಬ್ರರಿ ಹಾಕಿ ಫಿಲ್ಟರ್ ಮಾಡುತ್ತಿದ್ದರೆ ಇಂಡೆಕ್ಸ್ ಕೂಡ ಫಿಲ್ಟರ್ ಆದ ಲಿಸ್ಟಿನದ್ದೇ, ಮೂಲ ಲಿಸ್ಟಿನದ್ದಲ್ಲ. ಅಲ್ಲಿ ಸಂಖ್ಯೆ ಇಟ್ಟುಕೊಳ್ಳಬೇಡಿ, ಟೇಬಲ್ಲಿಗೆ ಡೇಟಾ ಒದಗಿಸುವ ಡೇಟಾ ಪ್ರೊವೈಡರಿಂದ ಆ ಸಾಲಿನ ಆಬ್ಜೆಕ್ಟನ್ನೇ ತಗೊಂಡು ಅದನ್ನು ಅಳಿಸಿ.