ಚಿಚೆನ್ ಇಟ್ಜಾ: ಮಕ್ಕಳೊಂದಿಗೆ ಮಾಯಾ ಅವಶೇಷಗಳಿಗೆ ಒಂದು ದಿನದ ಪ್ರವಾಸ

ಮೆಕ್ಸಿಕೋದ ಕ್ಯಾನ್‌ಕೂನ್‌ನಿಂದ ಮಾಯಾ ನಾಗರಿಕತೆಯ ಪ್ರಾಚೀನ ನಗರವಾದ ಚಿಚೆನ್ ಇಟ್ಜಾ ಸುಮಾರು 200 ಕಿಲೋಮೀಟರ್ ದೂರವಿರುವುದರಿಂದ, ಮಕ್ಕಳಿರುವ ಕುಟುಂಬಗಳು ನಸುಕಿನಲ್ಲೇ ಹೊರಡುವ ಸಣ್ಣ ಗುಂಪಿನ ಪ್ರವಾಸವನ್ನು ಆರಿಸಿಕೊಳ್ಳುವುದು ಒಳ್ಳೆಯದು; ಹೊತ್ತೇರಿದಂತೆ ಬಿಸಿಲೂ ಜನಸಂದಣಿಯೂ ಜೊತೆಯಾಗಿಯೇ ಹೆಚ್ಚುತ್ತವೆ.

ಈ ಪ್ರವಾಸದ ನಿಜವಾದ ಬಲ ನಮ್ಮ ಮಾರ್ಗದರ್ಶಿ. ಅವರು ಇಸವಿಗಳನ್ನು ಒಪ್ಪಿಸಲಿಲ್ಲ. ಮಾಯಾ ಜನರ ಸರ್ಪದೇವತೆ ಕುಕುಲ್ಕಾನ್ ಹೆಸರಿನ ಪಿರಮಿಡ್ಡಿನ ನಾಲ್ಕು ಬದಿಗಳಲ್ಲಿ ತಲಾ 91 ಮೆಟ್ಟಿಲುಗಳಿದ್ದು, ಮೇಲಿನ ವೇದಿಕೆಯನ್ನೂ ಒಂದೆಂದು ಎಣಿಸಿದರೆ ಎಷ್ಟಾಗುತ್ತದೆ ಎಂದು ಮಕ್ಕಳನ್ನೇ ಕೇಳಿದರು. 365 ಎಂಬ ಉತ್ತರ ಹೊರಬಿದ್ದ ಕೂಡಲೇ, ವರ್ಷದ ದಿನಗಳು ಕಲ್ಲಿನಲ್ಲಿ ಮೂಡಿರುವುದು ಮಕ್ಕಳಿಗೆ ತಾನಾಗಿಯೇ ಹೊಳೆಯಿತು. ಬಳಿಕ ಮೆಟ್ಟಿಲುಗಳ ಎದುರು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಮರಳಿ ಬಂದ ಸದ್ದು ಚಪ್ಪಾಳೆಯದಾಗಿರದೆ, ಕೆಟ್ಸಾಲ್ ಹಕ್ಕಿಯ ಕೂಗನ್ನು ಹೋಲುವ ಚೀರುದನಿಯಾಗಿತ್ತು. ಸುಮಾರು 168 ಮೀಟರ್ ಉದ್ದದ ಚೆಂಡಾಟದ ಅಂಗಳದಲ್ಲಿ, ಗೋಡೆಯ ಮೇಲಿನ ಆಟಗಾರನ ಶಿರಚ್ಛೇದದ ಕೆತ್ತನೆಯನ್ನು ಮುಚ್ಚಿಡದೆ, ಭಯವನ್ನೂ ಹುಟ್ಟಿಸದೆ ವಿವರಿಸಿದ ಅವರ ಸಂಯಮ ಬಹಳ ಮೆಚ್ಚುವಂಥದ್ದು.

ಪಿರಮಿಡ್ಡನ್ನು ಹತ್ತಲು ಈಗ ಅನುಮತಿಯಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿದರೆ ನಿರಾಸೆ ತಪ್ಪುತ್ತದೆ. ಆವರಣದಲ್ಲಿ ನೆರಳು ಕಡಿಮೆಯಾದ್ದರಿಂದ ಟೋಪಿ ಮತ್ತು ನೀರು ಕಡ್ಡಾಯ. ಸ್ಮರಣಿಕೆ ಅಂಗಡಿಯಲ್ಲಿ ಕಳೆದ ಸಮಯ ಅತಿಯಾಯಿತು, ಊಟವೂ ತಡವಾಯಿತು. ಪುಟ್ಟ ಮಕ್ಕಳಿಗೆ ಅದು ಕಷ್ಟವೇ ಸರಿ. ಆದರೆ ಕೊನೆಯಲ್ಲಿ ಸೆನೋಟೆ ಎಂಬ ಸುಣ್ಣಕಲ್ಲಿನ ನೈಸರ್ಗಿಕ ಕೊಳದಲ್ಲಿ, ಜೀವರಕ್ಷಕ ಅಂಗಿ ತೊಡಿಸಿಯೇ ಮಕ್ಕಳನ್ನು ನೀರಿಗಿಳಿಸಿದ ಎಚ್ಚರಿಕೆಗೆ ಪೂರ್ಣ ಅಂಕ ನೀಡುತ್ತೇನೆ. ಲೆಕ್ಕ, ಕಥೆಗಳಲ್ಲಿ ಆಸಕ್ತಿ ಮೂಡಿರುವ ಎಂಟು ವರ್ಷ ದಾಟಿದ ಮಕ್ಕಳಿಗೆ ಈ ಪ್ರವಾಸವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.