ಬೆಂಕಿಪೊಟ್ಟಣ, ಡಿರ್ಕಾನ್, ಮಿಠಾಯಿ ಡಬ್ಬ: ಮೂರರಲ್ಲಿ ನನ್ನ ಜೇಬಲ್ಲಿ ಉಳಿದದ್ದು

ಮೊದಲೇ ಹೇಳಿಬಿಡುತ್ತೇನೆ. ನನಗೆ ಇಷ್ಟವಾಗಿದ್ದು ಬೆಂಕಿಪೊಟ್ಟಣದ ಕ್ಯಾಮೆರಾ. ಉಳಿದೆರಡನ್ನೂ ಮನಸ್ಸಿಟ್ಟು ಮಾಡಿದ್ದೇನೆ, ಬಳಸಿದ್ದೇನೆ. ಆದರೂ ಬೆಳಗ್ಗೆ ವಾಕಿಂಗ್‌ಗೆ ಹೊರಟಾಗ ಅಂಗಿ ಜೇಬಿಗೆ ಸೇರುವುದು ಆ ಪೊಟ್ಟಣವೇ. ಹಾಳಾದ ಒಂದು ರೀಲು ನನ್ನನ್ನು ಅದರ ಹತ್ತಿರ ಕರೆತಂದಿತು. ಆ ಕತೆಗೆ ಆಮೇಲೆ ಬರುತ್ತೇನೆ.

ಮೂರೂ ಸೂಜಿರಂಧ್ರ ಕ್ಯಾಮೆರಾಗಳೇ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರು ಒಳಗಿನ ಕತ್ತಲ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುವುದನ್ನು ನೋಡಿರುತ್ತೀರಿ. ಗೋಡೆಯ ಒಂದು ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬರುತ್ತದೆ, ಅಷ್ಟೇ. ಆ ಕೋಣೆಯನ್ನು ಅಂಗೈಯಷ್ಟು ಚಿಕ್ಕದು ಮಾಡಿ, ಗೋಡೆಯ ಜಾಗದಲ್ಲಿ ಫಿಲ್ಮ್ ಇಟ್ಟರೆ ನಮ್ಮ ಕ್ಯಾಮೆರಾ ಆಯಿತು. ನನಗೆ ಈ ಹುಚ್ಚು ಹಿಡಿದಿದ್ದೂ ಆ ಗೋಡೆಯ ಮುಂದೆ ನಿಂತಾಗಲೇ.

ಮೊದಲು ಮಾಡಿದ್ದು ಡಿರ್ಕಾನ್. 1979ರಲ್ಲಿ ಚೆಕೊಸ್ಲೊವಾಕಿಯಾದ 'ಎಬಿಸಿ' ಅನ್ನುವ ಮಕ್ಕಳ ವಿಜ್ಞಾನ ಪತ್ರಿಕೆಯಲ್ಲಿ ಇದರ ನಕ್ಷೆ ಅಚ್ಚಾಗಿತ್ತು. ಕತ್ತರಿಸಿ, ಮಡಚಿ, ಅಂಟಿಸಿದರೆ 35 ಮಿ.ಮೀ. ರೀಲು ಹಾಕಬಹುದಾದ ಕಾಗದದ ಕ್ಯಾಮೆರಾ. ಚೆಕ್ ಭಾಷೆಯಲ್ಲಿ 'ದಿರ್ಕಾ' ಅಂದರೆ ಪುಟ್ಟ ತೂತು. ಅದಕ್ಕೆ ನಿಕಾನ್‌ನ ಬಾಲ ಸೇರಿಸಿ ಹೆಸರಿಟ್ಟಿದ್ದಾರೆ. ನೋಡಲು ಎಷ್ಟು ಚೆಂದ ಅಂದರೆ, ಮೇಜಿನ ಮೇಲಿಟ್ಟರೆ ನಿಜವಾದ ಹಳೇ ಕ್ಯಾಮೆರಾ ಅಂತಲೇ ಕೈಗೆತ್ತಿಕೊಳ್ಳುತ್ತಾರೆ. ಚೆಂದದಲ್ಲಿ ಉಳಿದೆರಡೂ ಇದರ ಹತ್ತಿರ ಸುಳಿಯುವುದಿಲ್ಲ.

ದೀಪಾವಳಿ ರಜೆಯ ಮೂರು ಸಂಜೆ ಕೂತು ಕತ್ತರಿಸಿದೆ. ದಪ್ಪ ಡ್ರಾಯಿಂಗ್ ಶೀಟ್ ಮೇಲೆ ಪ್ರಿಂಟ್. ಒಳಮೈಗೆ ಕಪ್ಪು ಪೋಸ್ಟರ್ ಕಲರ್, ಎರಡು ಕೋಟ್. ರೀಲು ಹಾಕಿ 36 ಚಿತ್ರ ತೆಗೆದೆ. ಹದಿನೈದು ದಿನ ಬಿಟ್ಟು ಲ್ಯಾಬ್‌ನಿಂದ ಸ್ಕ್ಯಾನ್ ಬಂತು. ಪ್ರತಿ ಚಿತ್ರದಲ್ಲೂ ಎಡಗಡೆಯಿಂದ ಓರೆಯಾಗಿ ಒಂದು ಕಿತ್ತಳೆ ಬಣ್ಣದ ಪಟ್ಟೆ. ಮನೆ ಮುಂದಿನ ತೆಂಗಿನ ಮರ, ಅಮ್ಮ ಹಾಕಿದ ರಂಗೋಲಿ, ಬಸ್ ಸ್ಟ್ಯಾಂಡಿನ ಬೆಂಚು, ಎಲ್ಲದರ ಮೇಲೂ ಅದೇ ಪಟ್ಟೆ. ಅದೇ ಜಾಗ, ಅದೇ ಓರೆ.

ಮೊದಲು ಲ್ಯಾಬ್‌ನವರದ್ದೇ ತಪ್ಪು ಅಂದುಕೊಂಡೆ. ಆಮೇಲೆ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಬೇಗ ಬೇಗ ತೆಗೆದ ಚಿತ್ರಗಳಲ್ಲಿ ಪಟ್ಟೆ ದಾರದಷ್ಟು ತೆಳ್ಳಗಿತ್ತು. ಒಂದು ಚಿತ್ರ ತೆಗೆದು, ಫಿಲ್ಮ್ ಮುಂದಕ್ಕೆ ತಿರುಗಿಸಿ, ಕ್ಯಾಮೆರಾವನ್ನು ಕಿಟಕಿ ಪಕ್ಕ ಹಾಗೇ ಬಿಟ್ಟು, ಮರುದಿನ ಮುಂದಿನದು ತೆಗೆದಿದ್ದೆ ನೋಡಿ, ಅಂಥ ಕಡೆ ಪಟ್ಟೆ ಹೆಬ್ಬೆರಳಿನಷ್ಟು ಅಗಲ. ಅಂದರೆ ಫಿಲ್ಮ್ ಸುಮ್ನೆ ಕೂತಿದ್ದಾಗಲೂ ಬೆಳಕು ಒಳಗೆ ಸೋರುತ್ತಿತ್ತು. ಕೂತಷ್ಟು ಹೊತ್ತು ಪಟ್ಟೆ ಬೆಳೆಯುತ್ತಿತ್ತು. ತಪ್ಪು ಡಬ್ಬಿಯದ್ದೇ.

ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಬಗೆ ಇದು. ರಾತ್ರಿ ದೀಪ ಆರಿಸಿ, ಕೀ ಚೈನಿನ ಪುಟ್ಟ ಟಾರ್ಚನ್ನು ಹಚ್ಚಿ ಕ್ಯಾಮೆರಾದೊಳಗೆ ಹಾಕಿ, ಹಿಂಬದಿ ಮುಚ್ಚಿ, ದಪ್ಪ ಕಂಬಳಿಯೊಳಗೆ ತಲೆ ತೂರಿಸಿ ಕೂತೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಐದು ನಿಮಿಷ ಬೇಕು. ಆಮೇಲೆ ಕಂಡಿದ್ದು ಆಕಾಶಬುಟ್ಟಿ! ಮಡಿಕೆ ಇದ್ದಲ್ಲೆಲ್ಲ ಕೆಂಪು ದಾರ ಎಳೆದ ಹಾಗೆ ಗೆರೆಗಳು ಹೊಳೆಯುತ್ತಿದ್ದವು. ಮಡಚುವ ಮುಂಚೆ ಕಾಗದದ ಮೇಲೆ ಕಟ್ಟರ್‌ನಿಂದ ಹಗುರವಾಗಿ ಗೀರುತ್ತೇವಲ್ಲ, ಅಲ್ಲಿ ಕಾಗದ ಅರ್ಧ ತೆಳುವಾಗಿರುತ್ತದೆ. ಮಡಚಿದಾಗ ಒಳಗಿನ ಪೋಸ್ಟರ್ ಕಲರ್ ಬಿರುಕು ಬಿಡುತ್ತದೆ. ಎರಡೂ ಒಂದೇ ಗೆರೆಯಲ್ಲಿ. ಡಿರ್ಕಾನ್‌ಗೆ ಮಡಿಕೆಗಳು ಒಂದೆರಡಲ್ಲ. ಬಿಳಿ ಶೀಟಿನ ಸಪಾಟು ಭಾಗ ಕೂಡ, ಬಣ್ಣ ತೆಳ್ಳಗೆ ಹತ್ತಿದ ಕಡೆ, ಮಂಕಾಗಿ ಬೆಳಗುತ್ತಿತ್ತು.

ಸರಿ ಮಾಡಲು ಎರಡು ದಾರಿ ನೋಡಿದೆ. ಒಳಗೆ ಇನ್ನೊಂದು ಪದರ ಕಪ್ಪು ಕಾಗದ ಅಂಟಿಸಿದೆ. ಬೆಳಕು ನಿಂತಿತು, ಆದರೆ ಕಾಗದ ದಪ್ಪವಾಗಿ ಮೂಲೆಗಳು ಕೂಡಲಿಲ್ಲ, ಫಿಲ್ಮ್ ತಿರುಗಿಸುವ ಗುಬ್ಬಿ ಬಿಗಿಯಾಯಿತು. ಎರಡನೆಯದನ್ನು ಹೊಸದಾಗಿ ಮಾಡಿ ಎಲ್ಲ ಮಡಿಕೆಗಳ ಹೊರಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದೆ. ಇದು ಗೆದ್ದಿತು. ಪಟ್ಟೆ ಹೋಯಿತು, ಚಿತ್ರ ಚೆನ್ನಾಗಿ ಬಂತು. ಆದರೆ ಯಾವ ಚೆಂದಕ್ಕಾಗಿ ಮೂರು ಸಂಜೆ ಕೂತಿದ್ದೆನೋ ಅದೆಲ್ಲ ಟೇಪಿನಡಿ ಮುಚ್ಚಿಹೋಯಿತು. ಡಯಲ್ ಕಾಣದು, ಹೆಸರು ಕಾಣದು. ಹೇಗೂ ಟೇಪೇ ಸುತ್ತಬೇಕು ಅಂದಮೇಲೆ ಶುರುವಿನಿಂದಲೇ ಟೇಪಿಗೆ ಒಗ್ಗುವ ಡಬ್ಬಿ ಬೇಕಲ್ವಾ? ಹೀಗೆ ಅಡುಗೆಮನೆಯ ಬೆಂಕಿಪೊಟ್ಟಣ ಕೈಗೆ ಬಂತು.

ಡಿರ್ಕಾನ್ ಬಗ್ಗೆ ಇನ್ನೆರಡು ಮಾತು. ಪ್ರಿಂಟ್ ಹಾಕಿಸುವಾಗ ಅಳತೆ ನೂರಕ್ಕೆ ನೂರು ಇರಲಿ, ಪುಟಕ್ಕೆ ಹೊಂದಿಸುವ ಆಯ್ಕೆ ಬೇಡ. ಕುಗ್ಗಿದರೆ ರೀಲಿನ ಡಬ್ಬಿ ಕೂರುವುದಿಲ್ಲ. ಮಳೆಗಾಲದಲ್ಲಿ ಕಾಗದ ಮೆತ್ತಗಾಗುತ್ತದೆ.

ಬೆಂಕಿಪೊಟ್ಟಣ 2021ರ ಡಿಸೆಂಬರ್‌ನಲ್ಲಿ 1 ರೂಪಾಯಿಯಿಂದ 2 ರೂಪಾಯಿಗೆ ಏರಿತು. ಹದಿನಾಲ್ಕು ವರ್ಷದ ಮೇಲೆ ಬೆಲೆ ಬದಲಾಗಿದ್ದು ಅಂತ ಆಗ ಎಲ್ಲ ಕಡೆ ಸುದ್ದಿ. ನನ್ನ ಕ್ಯಾಮೆರಾದ ಮೈಗೆ ಆದ ಖರ್ಚು ಅದೇ 2 ರೂಪಾಯಿ. ಹೊರಕವಚದ ಒಳಗಿನ ಅಗಲವನ್ನು ಮಾತ್ರ ಸ್ಕೇಲ್ ಹಿಡಿದು ನೋಡಿ. ಫಿಲ್ಮ್ 35 ಮಿ.ಮೀ. ಅಗಲ ಇರುತ್ತದೆ, ಅದು ಸಲೀಸಾಗಿ ಜಾರಬೇಕು. ಇಕ್ಕಟ್ಟಾದ ಪೊಟ್ಟಣ ತಂದರೆ ಫಿಲ್ಮ್ ಅಂಚು ಮಡಚಿಕೊಳ್ಳುತ್ತದೆ.

ಮಾಡುವುದು ಸುಲಭ. ಕಡ್ಡಿ ತುಂಬಿರುವ ಒಳತಟ್ಟೆಯ ತಳದಲ್ಲಿ 24 ಮಿ.ಮೀ. ಚೌಕ ಕತ್ತರಿಸಿ, ಒಳಗೆಲ್ಲ ಕಪ್ಪು ಮಾರ್ಕರ್ ಹಚ್ಚಿ. ಹೊರಕವಚದ ಮುಂದೆ ಚಿಕ್ಕ ಕಿಂಡಿ ಮಾಡಿ ಅದರ ಮೇಲೆ ತೂತಿನ ತಗಡು. ಹೊಸ ರೀಲು ಒಂದು ಬದಿ, ಖಾಲಿ ರೀಲಿನ ಡಬ್ಬಿ ಇನ್ನೊಂದು ಬದಿ. ನಡುವೆ ಫಿಲ್ಮ್, ತಟ್ಟೆಯ ತಳಕ್ಕೂ ಕವಚಕ್ಕೂ ಮಧ್ಯೆ ಹಾದುಹೋಗುತ್ತದೆ. ಫಿಲ್ಮಿನ ಮಬ್ಬು ಮೈ ತೂತಿನ ಕಡೆ ಇರಲಿ. ಆಮೇಲೆ ಎಲ್ಲ ಸಂದಿಗೂ ಕಪ್ಪು ಟೇಪ್, ಎರಡು ಸುತ್ತು. ರೀಲು ಡಬ್ಬಿಗಳ ಬಾಯಲ್ಲಿ ಮಖಮಲ್ಲಿನ ಅಂಚು ಇರುವುದರಿಂದ ಅಲ್ಲಿ ಬೆಳಕಿನ ಭಯ ಕಡಿಮೆ. ಕೈಯಲ್ಲಿ ಗೀರಿದ ಮಡಿಕೆಗಳೇ ಇಲ್ಲ. ಕಂಬಳಿಯೊಳಗೆ ಟಾರ್ಚ್ ಪರೀಕ್ಷೆ ಮಾಡಿದಾಗ ಗಟ್ಟಿ ಕತ್ತಲು. ಆ ಕತ್ತಲು ನೋಡಿ ಆದ ಸಮಾಧಾನ ದೊಡ್ಡದು.

ಖಾಲಿ ಡಬ್ಬಿ ಹಳೇ ಸ್ಟುಡಿಯೋಗಳಲ್ಲಿ ಸಿಗುತ್ತದೆ. ಬಾಯಿಂದ ಒಂದೆರಡು ಸೆಂಟಿಮೀಟರ್ ಫಿಲ್ಮ್ ಹೊರಗೆ ಉಳಿದಿರುವಂಥದ್ದೇ ಕೇಳಿ, ಹೊಸ ಫಿಲ್ಮನ್ನು ಅದಕ್ಕೇ ಅಂಟಿಸಬೇಕು.

ತೂತನ್ನು ತಂಪು ಪಾನೀಯದ ಕ್ಯಾನ್ ಕತ್ತರಿಸಿ ಮಾಡಿದೆ. ಸೂಜಿಯ ತುದಿಯನ್ನು ಒತ್ತಬಾರದು, ತಿರುಗಿಸುತ್ತ ಹೋಗಬೇಕು. ಹಿಂದೆ ಗುಳ್ಳೆ ಎದ್ದದ್ದನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಸೂಜಿ. ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ತೂತಿನಿಂದ ಫಿಲ್ಮಿಗೆ 14 ಮಿ.ಮೀ. ದೂರ ಇದ್ದರೆ 0.17 ಮಿ.ಮೀ. ಆಸುಪಾಸು, 100 ಮಿ.ಮೀ. ಆದರೆ 0.45ರ ಆಸುಪಾಸು. ಅಳೆಯಲು ತಗಡನ್ನು ಸ್ಕ್ಯಾನರ್ ಮೇಲಿಟ್ಟು 1200 ಡಿಪಿಐಗೆ ಸ್ಕ್ಯಾನ್ ಮಾಡಿದೆ. ಅಲ್ಲಿ ಒಂದು ಮಿಲಿಮೀಟರ್‌ಗೆ 47 ಚುಕ್ಕೆ. ನನ್ನ ತೂತು 9 ಚುಕ್ಕೆ ಬಂತು, ಅಂದರೆ 0.19. ನಾಲ್ಕನೇ ಯತ್ನದಲ್ಲಿ ಸಿಕ್ಕಿದ್ದು. ಆ ತಗಡನ್ನು ಇವತ್ತಿಗೂ ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಯಿಸಿಕೊಂಡು ಬಳಸುತ್ತಿದ್ದೇನೆ.

ಈ ಕ್ಯಾಮೆರಾದಲ್ಲಿ ನನಗೆ ಅತಿ ಪ್ರೀತಿಯ ಭಾಗ ಅದರ 'ಟಿಕ್' ಸದ್ದು. ಜೆರಾಕ್ಸ್ ಅಂಗಡಿಯಲ್ಲಿ ಪುಸ್ತಕ ಬೈಂಡ್ ಮಾಡುವ ಪ್ಲಾಸ್ಟಿಕ್ ಬಾಚಣಿಗೆ ಇರುತ್ತದಲ್ಲ, ಅದರ ಒಂದು ಹಲ್ಲು ಕತ್ತರಿಸಿ, ತುದಿ ಚೂಪು ಮಾಡಿ, ಹೊಸ ರೀಲಿನ ಡಬ್ಬಿಯ ಬಾಯಿ ಹತ್ತಿರ ಟೇಪ್ ಹಾಕಬೇಕು. ಫಿಲ್ಮ್ ಸರಿದಂತೆ ಅದರ ಅಂಚಿನ ತೂತುಗಳಿಗೆ ಆ ತುದಿ ಬಿದ್ದು ಎದ್ದು ಟಿಕ್ ಅನ್ನುತ್ತದೆ. ತೂತಿಂದ ತೂತಿಗೆ 4.75 ಮಿ.ಮೀ. ಆರು ಟಿಕ್ ಎಣಿಸಿದರೆ 28.5 ಮಿ.ಮೀ. ಚಿತ್ರ 24, ಉಳಿದದ್ದು ನಡುವಿನ ಖಾಲಿ. 36ರ ರೀಲಿನಲ್ಲಿ ನನಗೆ 48 ಚೌಕ ಚಿತ್ರ ಸಿಗುತ್ತವೆ. ತಿರುಗಿಸುವುದಕ್ಕೆ ಅದೇ ಕ್ಯಾನ್‌ನ ರಿಂಗ್.

ಬಿಸಿಲಲ್ಲಿ ಐಎಸ್‌ಒ 200ರ (ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವ ಅಂಕಿ) ಫಿಲ್ಮಿಗೆ ಲೆಕ್ಕದ ಪ್ರಕಾರ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ತೂತಿನ ಮೇಲಿನ ಟೇಪಿನ ಮುಚ್ಚಳವನ್ನು ಕೈಯಲ್ಲಿ ಅಷ್ಟು ಬೇಗ ತೆಗೆದು ಹಾಕಲು ಆಗುವುದಿಲ್ಲ, ನಾನು ಒಂದು ಸೆಕೆಂಡ್ ಕೊಡುತ್ತೇನೆ. ಕಲರ್ ನೆಗೆಟಿವ್ ಅಷ್ಟನ್ನು ತಡೆದುಕೊಳ್ಳುತ್ತದೆ. ಮೋಡ ಇದ್ದರೆ ನಾಲ್ಕೈದು ಸೆಕೆಂಡ್. ಲ್ಯಾಬ್‌ಗೆ ಕಳಿಸುವಾಗ 'ನೆಗೆಟಿವ್ ಕತ್ತರಿಸಬೇಡಿ' ಅಂತ ದಪ್ಪಕ್ಷರದಲ್ಲಿ ಚೀಟಿ ಅಂಟಿಸಿ, ಇಲ್ಲದಿದ್ದರೆ ಮಾಮೂಲಿ ಅಳತೆಗೆ ಕತ್ತರಿ ಬಿದ್ದು ಚಿತ್ರ ಎರಡು ತುಂಡಾಗುತ್ತದೆ. ಪೊಟ್ಟಣಕ್ಕೂ ಕೊರತೆ ಇದೆ. ಪ್ರತಿ ರೀಲಿಗೂ ಟೇಪ್ ಕಿತ್ತು ಮತ್ತೆ ಕಟ್ಟಬೇಕು, ಅರ್ಧ ಗಂಟೆ ಹಿಡಿಯುತ್ತದೆ.

ಇನ್ನು ಮಿಠಾಯಿ ಡಬ್ಬ. ಇದರಲ್ಲಿ ಫಿಲ್ಮ್ ಇಲ್ಲ, ಕಪ್ಪು-ಬಿಳುಪು ಫೋಟೊ ಪೇಪರ್. ಡಬ್ಬದ ಒಂದು ಗೋಡೆಗೆ ತೂತು, ಎದುರು ಗೋಡೆಗೆ ಪೇಪರ್. ಒಂದು ಸಲಕ್ಕೆ ಒಂದೇ ಚಿತ್ರ. ಪೇಪರ್ ಬಹಳ ನಿಧಾನ, ಅದರ ವೇಗ ಐಎಸ್‌ಒ 6ರ ಆಸುಪಾಸು. ಸುಡು ಬಿಸಿಲಲ್ಲೂ ಮುಕ್ಕಾಲು ನಿಮಿಷ ತೆರೆದಿಡಬೇಕು. ಆದರೆ ಇದು ಕೊಡುವ ಒಂದು ಖುಷಿ ಬೇರೆ ಯಾವುದೂ ಕೊಡುವುದಿಲ್ಲ. ಅಕ್ಕನ ಮಗಳ ಜೊತೆ ಬಚ್ಚಲಮನೆಯಲ್ಲಿ ಕೆಂಪು ಬಲ್ಬ್ ಹಾಕಿ, ತಟ್ಟೆಯಲ್ಲಿ ದ್ರಾವಣ ಹಾಕಿ ಪೇಪರ್ ಮುಳುಗಿಸಿದೆ. ಹತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಆಕಾಶ ಕಪ್ಪಗೆ ಮೂಡಿತು, ಅದರ ಕೆಳಗೆ ಅವಳಮ್ಮ. ಅಕ್ಕ ಉಟ್ಟಿದ್ದ ಕುಂಕುಮ ಬಣ್ಣದ ಸೀರೆ ಪೇಪರಿಗೆ ಕಾಣುವುದೇ ಇಲ್ಲ, ಹಾಗಾಗಿ ನೆಗೆಟಿವ್‌ನಲ್ಲಿ ಬೆಳ್ಳಗೆ ಉಳಿಯಿತು. ಮೊಬೈಲಲ್ಲಿ ಬಣ್ಣ ತಿರುಗಿಸಿದಾಗ ಕಡುಕಪ್ಪು ಸೀರೆ! ಎಂಟು ವರ್ಷದ ಆ ಹುಡುಗಿ ಇನ್ನೊಂದು, ಇನ್ನೊಂದು ಅಂತ ರಾತ್ರಿ ಹನ್ನೊಂದರವರೆಗೆ ಬಿಡಲಿಲ್ಲ. ಮಕ್ಕಳಿಗೆ ಕಲಿಸುವುದಾದರೆ ಕಣ್ಣು ಮುಚ್ಚಿ ಇದನ್ನೇ ಆರಿಸಿ.

ಮೂರನ್ನೂ ಒಟ್ಟಿಗೆ ನೋಡಲು ಏಪ್ರಿಲ್‌ನ ಕೊನೇ ಭಾನುವಾರ ಹಂಪಿಗೆ ಹೋದೆ. 2001ರಿಂದ ಆ ದಿನವನ್ನು ಜಗತ್ತಿನ ತುಂಬ ಸೂಜಿರಂಧ್ರ ಛಾಯಾಗ್ರಹಣದ ದಿನವಾಗಿ ಆಚರಿಸುತ್ತಾರೆ. ಗೋಪುರದ ಎದುರು, ಬಜಾರಿನ ಬೀದಿಯಲ್ಲಿ, ಒಂದೇ ಜಾಗ. ಟೇಪ್ ಸುತ್ತಿದ ಡಿರ್ಕಾನ್ ಗೋಪುರದ ಸಾಲುಗಳನ್ನು ಸಾಕಷ್ಟು ಚೆನ್ನಾಗಿ ಹಿಡಿಯಿತು, ಆದರೆ ಮಧ್ಯಾಹ್ನಕ್ಕೆ ಬೆವರಿದ ಕೈಯಲ್ಲಿ ಗುಬ್ಬಿ ಸಡಿಲವಾಯಿತು. ಮಿಠಾಯಿ ಡಬ್ಬದ್ದು ಒಂದೇ ಚಿತ್ರ. 45 ಸೆಕೆಂಡ್ ತೆರೆದಿಟ್ಟಿದ್ದರಿಂದ ಬೀದಿಯಲ್ಲಿ ಓಡಾಡುತ್ತಿದ್ದ ಜನರೆಲ್ಲ ಮಾಯ. ನೆರಳಲ್ಲಿ ಮಲಗಿದ್ದ ಒಂದು ಹಸು ಮಾತ್ರ ಉಳಿದಿದೆ. ಆ ಚಿತ್ರ ಈಗ ನನ್ನ ಮೇಜಿನ ಮುಂದೆ ಇದೆ. ಪೊಟ್ಟಣದಲ್ಲಿ ಅವತ್ತು 31 ಚಿತ್ರ ತೆಗೆದೆ. ಅದರ ನೋಟ ಬಲು ಅಗಲ, ಹತ್ತಿರ ನಿಂತರೂ ಒಂಬತ್ತು ಅಂತಸ್ತಿನ ಗೋಪುರ ಕಲಶದವರೆಗೆ ಹಿಡಿಯಿತು. ಮೂಲೆಗಳು ಕತ್ತಲಾಗುತ್ತವೆ. ನನಗೆ ಅದು ಇಷ್ಟ.

ನನ್ನ ಜೇಬಿನ ಲೆಕ್ಕ ಹೀಗಿದೆ. ರೀಲಿಗೆ 900 ರೂಪಾಯಿ, ತೊಳೆಸಿ ಸ್ಕ್ಯಾನ್ ಮಾಡಿಸಲು 450. ಪೊಟ್ಟಣದಲ್ಲಿ 48 ಚಿತ್ರ ಅಂದರೆ ಒಂದಕ್ಕೆ 28 ರೂಪಾಯಿ. ಡಿರ್ಕಾನ್‌ನ 36ಕ್ಕೆ ಹಂಚಿದರೆ 37 ದಾಟುತ್ತದೆ. ಎರಡು ತಿಂಗಳಿಗೆ ಒಂದು ರೀಲು, ಅದಕ್ಕಿಂತ ಜಾಸ್ತಿ ನನ್ನಿಂದ ಆಗದು. ನಮ್ಮದು ಬಾಡಿಗೆ ಮನೆ, ಐದು ಜನಕ್ಕೆ ಒಂದೇ ಬಚ್ಚಲು. ದ್ರಾವಣದ ತಟ್ಟೆಗಳನ್ನು ವಾರವಾರ ಹರಡಿ ಕೂರುವುದು ಸಾಧ್ಯವಿಲ್ಲ. ನಡೆಯುತ್ತ, ನಿಂತು, ಒಂದು ಸೆಕೆಂಡ್ ತೆಗೆದು ಮುಂದೆ ಹೋಗುವುದು ನನ್ನ ಅಭ್ಯಾಸ. ಬಿಡುವಿರುವ, ಕೈಕೆಲಸ ಪ್ರೀತಿಸುವ ಯಾರಾದರೂ ಕೇಳಿದರೆ ಡಿರ್ಕಾನ್ ಮಾಡಿ ಅಂತಲೇ ಹೇಳುತ್ತೇನೆ. ಎರಡೂ ಮೈ ಕಪ್ಪಾಗಿರುವ ರಟ್ಟು ಸಿಕ್ಕರೆ ಅದರಲ್ಲೇ ಮಾಡಿ, ರೀಲು ಹಾಕುವ ಮುಂಚೆ ಟಾರ್ಚ್ ಹಾಕಿ ನೋಡಿ.

ನನ್ನ ಡಿರ್ಕಾನ್ ಈಗ ಷೋಕೇಸಿನಲ್ಲಿದೆ. ಜೇಬಿನ ಪೊಟ್ಟಣದಲ್ಲಿ ಇನ್ನೂ 14 ಚಿತ್ರ ಬಾಕಿ. ಮಳೆ ಒಂದು ದಿನ ಬಿಡುವು ಕೊಟ್ಟರೆ ಕೆರೆ ಏರಿ ಮೇಲೆ ಹೋಗಿ ಅವನ್ನು ಮುಗಿಸುತ್ತೇನೆ.