ಜೆರಾಕ್ಸ್ ಮಷಿನ್‌ನಲ್ಲಿ ನೆಟ್‌ವರ್ಕ್ ಎರರ್ ಬಂದರೆ ರಿಸೆಟ್ ಮಾಡಲು ಬಿಡಬೇಡಿ

ಆಫೀಸಿನ ಜೆರಾಕ್ಸ್ ಮಷಿನ್ ನೆಟ್‌ವರ್ಕ್ ಎರರ್ ತೋರಿಸುತ್ತಿದೆಯಾ? ರಿಪೇರಿಗೆ ಬಂದವರು "ಬೋರ್ಡ್ ಹೋಗಿದೆ" ಅಂದರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ.

ನಮ್ಮದು ಚಿಕ್ಕ ಆಡಿಟ್ ಆಫೀಸು. ಜುಲೈ ಕೊನೆ ಬಂತೆಂದರೆ ಐಟಿ ರಿಟರ್ನ್ ಗಡಿಬಿಡಿ. ಸರಿಯಾಗಿ ಆಗಲೇ ಮಷಿನ್ ತಕರಾರು ತೆಗೆಯಿತು. ಈಗ ಪ್ರಿಂಟ್ ಬಂದರೆ ಇನ್ನೊಂದು ಗಳಿಗೆಗೆ ನೆಟ್‌ವರ್ಕ್ ಎರರ್. ಗಾಜಿನ ಮೇಲೆ ಹಾಳೆ ಇಟ್ಟು ಜೆರಾಕ್ಸ್ ತೆಗೆದರೆ ಮಾತ್ರ ಸಲೀಸಾಗಿ ಬರುತ್ತಿತ್ತು.

ಸರ್ವಿಸ್‌ನವರು ಬಂದರು. ಕೇಬಲ್ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. "ನೆಟ್‌ವರ್ಕ್ ಬೋರ್ಡ್ ಹೋಗಿದೆ ಮೇಡಂ, 16,000 ಆಗುತ್ತೆ. ಸದ್ಯಕ್ಕೆ ರಿಸೆಟ್ ಹೊಡೆದು ನೋಡ್ತೀನಿ" ಅಂದರು. ಏನೇನು ಅಳಿಸಿಹೋಗುತ್ತದೆ ಅಂತ ಒಂದು ಮಾತೂ ಹೇಳಲಿಲ್ಲ. ಮಷಿನ್ ಮತ್ತೆ ಆನ್ ಆದಾಗ ಅಡ್ರೆಸ್ ಬುಕ್ ಪೂರ್ತಿ ಖಾಲಿ! ಯಾರ ಸ್ಕ್ಯಾನ್ ಯಾವ ಫೋಲ್ಡರ್‌ಗೆ ಹೋಗಬೇಕು, ಯಾರ ಮೇಲ್‌ಗೆ ಹೋಗಬೇಕು ಅನ್ನುವುದು ಒಂದೂ ಉಳಿದಿರಲಿಲ್ಲ. ಎರರ್ ಏನೋ ಹೋಯಿತು. ಆದರೆ ಮಷಿನ್ ಹೊಸ ಐಪಿ ನಂಬರ್ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ತಗೊಂಡಿತ್ತು, ಕಂಪ್ಯೂಟರ್‌ಗಳು ಹಳೇ ನಂಬರಿಗೇ ಪ್ರಿಂಟ್ ಕಳಿಸುತ್ತಿದ್ದವು. ಯಾರಿಗೂ ಪ್ರಿಂಟ್ ಬರಲಿಲ್ಲ. "ನೋಡಿ, ಬೋರ್ಡೇ ಹೋಗಿರೋದು" ಅಂದುಬಿಟ್ಟರು.

ಆಮೇಲೆ ನಮ್ಮ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಬಂದ. ಮಷಿನ್‌ನ ಕೇಬಲ್ ಕಿತ್ತಿಟ್ಟು, ಅದರ ಹಳೇ ನಂಬರ್ 192.168.1.50ಕ್ಕೆ ಪಿಂಗ್ ಮಾಡಿದ, ಅಂದರೆ ಆ ನಂಬರಿನಲ್ಲಿ ಯಾರಾದರೂ ಉತ್ತರ ಕೊಡುತ್ತಾರಾ ಅಂತ ಕಂಪ್ಯೂಟರಿನಿಂದ ಕೂಗಿ ನೋಡಿದ. ಕೇಬಲ್ಲೇ ಇಲ್ಲ, ಆದರೂ ಉತ್ತರ ಬಂತು! ಸ್ವಲ್ಪ ದಿನದ ಹಿಂದೆ ಇಂಟರ್ನೆಟ್‌ನವರು ರೂಟರ್ ಬದಲಿಸಿದ್ದರು. ಆ ಹೊಸ ರೂಟರ್ ಅದೇ ನಂಬರನ್ನು ಸ್ಟಾಫ್ ಒಬ್ಬರ ಮೊಬೈಲ್‌ಗೆ ಕೊಟ್ಟಿತ್ತು. ಮೊಬೈಲ್ ವೈಫೈಗೆ ಬಂದಾಗಲೆಲ್ಲ ಎರಡಕ್ಕೂ ಜಟಾಪಟಿ. ರೂಟರ್‌ನಲ್ಲಿ ಆ ನಂಬರನ್ನು ಮಷಿನ್‌ಗೇ ಕಾಯ್ದಿರಿಸಿ, ಮತ್ತೆ ಅದಕ್ಕೇ ಕೊಟ್ಟ. ಅಷ್ಟೇ, ಸರಿಹೋಯಿತು. ಒಂದು ಬಿಡಿಭಾಗವೂ ಬೇಕಾಗಲಿಲ್ಲ. ಆದರೆ ಆ ಗಡಿಬಿಡಿಯಲ್ಲಿ ಅಡ್ರೆಸ್ ಬುಕ್ ಎಲ್ಲ ಹೊಸದಾಗಿ ತುಂಬಬೇಕಾಯಿತಲ್ಲ, ಆ ಸಿಟ್ಟು ನನಗಿನ್ನೂ ಹೋಗಿಲ್ಲ.

ಹಾಗಾಗಿ ಯಾರೇ ಬರಲಿ, ಮೊದಲು ಮಷಿನ್‌ನಿಂದಲೇ ಕಾನ್ಫಿಗರೇಷನ್ ಪೇಜ್ (ಐಪಿ ನಂಬರ್ ಮುಂತಾದ ಸೆಟ್ಟಿಂಗ್ ಇರುವ ಹಾಳೆ) ಪ್ರಿಂಟ್ ತೆಗೆದಿಡಿ. ಅಡ್ರೆಸ್ ಬುಕ್ ಬ್ಯಾಕಪ್ ಕೇಳಿ ಪಡೆಯಿರಿ. ಐಪಿ ನಂಬರ್ 169.254 ಅಂತ ಶುರುವಾಗಿದ್ದರೆ ಮಷಿನ್‌ಗೆ ರೂಟರ್‌ನಿಂದ ನಂಬರ್ ಸಿಕ್ಕಿಲ್ಲ ಅಂತ ಅರ್ಥ. ಕೇಬಲ್ಲು, ನೆಟ್‌ವರ್ಕ್ ಸ್ವಿಚ್ಚು (ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ) ನೋಡಿ.

ಪ್ರಿಂಟ್ ಬರುತ್ತಿದ್ದು ಫೋಲ್ಡರ್‌ಗೆ ಸ್ಕ್ಯಾನ್ ಮಾತ್ರ ಹೋಗದಿದ್ದರೆ ಬೋರ್ಡಿನ ಮಾತೇ ಬೇಡ. ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಗಿರಬಹುದು. ಹಳೇ ಮಷಿನ್ ಆದರೆ ಎಸ್‌ಎಂಬಿ1 (ನೆಟ್‌ವರ್ಕ್‌ನಲ್ಲಿ ಫೋಲ್ಡರ್‌ಗೆ ಫೈಲ್ ಕಳಿಸುವ ಹಳೇ ವಿಧಾನ) ತೊಂದರೆ ಇರಬಹುದು. ಕೆಲವರು ಅದನ್ನು ಕಂಪ್ಯೂಟರಿನಲ್ಲಿ ಸುಮ್ನೆ ಆನ್ ಮಾಡಿ ಹೋಗುತ್ತಾರೆ, ಒಪ್ಪಬೇಡಿ. 2017ರಲ್ಲಿ ವನ್ನಾಕ್ರೈ ವೈರಸ್ ಹಬ್ಬಿದ್ದು ಅದರಲ್ಲಿದ್ದ ದೋಷದಿಂದಲೇ.

ಇಷ್ಟಾದರೂ ಬೋರ್ಡ್ ಅಂತಲೇ ಹಟ ಹಿಡಿದರೆ, ಬೇರೆ ಕೇಬಲ್ ಹಾಕಿ ಮಷಿನ್ ಅನ್ನು ನೇರವಾಗಿ ಒಂದು ಲ್ಯಾಪ್‌ಟಾಪ್‌ಗೆ ಜೋಡಿಸಿ ತೋರಿಸಲು ಹೇಳಿ. ಕೇಬಲ್ ಸಿಕ್ಕಿಸುವ ಜಾಗದ ಪಕ್ಕದ ಪುಟ್ಟ ದೀಪ ಅಲ್ಲೂ ಹತ್ತದಿದ್ದರೆ ಮಾತ್ರ ಬೋರ್ಡಿನ ರೇಟ್ ಕೇಳಿ.